ಆವಕ ಜಾವಕ

ಸೇಜೋಂಗ್ ಊರಿನ ಈ ಕಟ್ಟಡ ಹಾವಿನ ಹಾಗೆ ಮಲಗಿದೆ.
ತಲೆ ಹಣಕಾಸಿನಲ್ಲಿ, ಬಾಲ ಎಲ್ಲೋ ಕೃಷಿಯಲ್ಲಿ,
ಹೊಟ್ಟೆಯ ಭಾಗ ನಮ್ಮದು: ಸಂಸ್ಕೃತಿ.
ನುಂಗಿದ್ದೆಲ್ಲ ಇಲ್ಲಿಗೇ ಬಂದು ನಿಲ್ಲುತ್ತದೆ.

ಆರನೇ ಮಹಡಿ, ಕಿಟಕಿಗೆ ಬೆನ್ನು ಹಾಕಿದ ಮೇಜು ನನ್ನದು.
ಇಪ್ಪತ್ತೆರಡು ವರ್ಷದಿಂದ ದೇಶವನ್ನು
ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿ ಕಳಿಸುತ್ತಿದ್ದೇನೆ.
ಲಿಮಾಕ್ಕೆ ನಾಲ್ಕು ಹನ್‌ಬೊಕ್, ಅಳತೆ ಮಧ್ಯಮ.
ನೈರೋಬಿಗೆ ಅಕ್ಷರಮಾಲೆಯ ಪಟ, ಮೊಳೆ ಸಹಿತ.
ಒಮ್ಮೆ ಒಂದು ಜಾಂಗು ಮದ್ದಳೆ ಯಾವುದೋ ಬಂದರಿನಲ್ಲಿ
ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡು
ಹನ್ನೊಂದು ತಿಂಗಳು ಕೂತಿತ್ತು.
ಇದು ವಾದ್ಯವೋ, ಹದಮಾಡಿದ ಚರ್ಮವೋ, ಎಂದು ಪತ್ರ.
ಬಾರಿಸಿ ನೋಡಿ, ಎಂದು ಬರೆದೆ.
ಆ ಉತ್ತರಕ್ಕೆ ನನಗೊಂದು ಮೆಮೋ.

ಈಗ ಹಾಡು ಕುಣಿತದ ಹುಡುಗರು
ನಮ್ಮ ಸಹಿಯಿಲ್ಲದೆಯೇ ಜಗತ್ತು ಸುತ್ತಿ ಬರುತ್ತಾರೆ.
ಅವರು ಹೋದ ಮೇಲೆ ನಮ್ಮ ಸುತ್ತೋಲೆ ಹೊರಡುತ್ತದೆ,
ಮೆರವಣಿಗೆ ಮುಗಿದ ಬೀದಿಯಲ್ಲಿ
ದೀವಟಿಗೆ ಹಿಡಿದು ಓಡುವವನ ಹಾಗೆ.
ಸಚಿವರ ಭಾಷಣದಲ್ಲಿ ಮಾತ್ರ ನಾವೇ ಮುಂದೆ.

ಈ ಮಾರ್ಚಿನಲ್ಲಿ ಕಝಾಕಸ್ತಾನದ ಉಷ್ಟೊಬೆಗೆ ಒಂದು ಪೆಟ್ಟಿಗೆ.
ಭೂಪಟದಲ್ಲಿ ಹುಡುಕಲು ಕನ್ನಡಕ ಒರೆಸಬೇಕಾಯಿತು.
ಒಳಗೆ ಕಿಮ್ಚಿ ಹಾಕುವ ಕ್ರಮ, ಹನ್ನೆರಡು ಚಿತ್ರಗಳಲ್ಲಿ,
ಒಂದು ಜಾಂಗು, ಮತ್ತು ನಮೂನೆ ಏಳು:
'ಈ ಸಾಮಗ್ರಿಯಿಂದ ಕೊರಿಯನ್ ಸಂಸ್ಕೃತಿ ನಿಮಗೆ ಅರ್ಥವಾಯಿತೇ?
ಹೌದು. ಇಲ್ಲ. ತಕ್ಕಮಟ್ಟಿಗೆ.'

ಯಾವುದಕ್ಕೂ ಗುರುತು ಹಾಕಿರಲಿಲ್ಲ
ಲಿದಿಯಾ ಖೆಗಾಯ್, ವಯಸ್ಸು ಎಂಬತ್ತಾರು.
ನಮೂನೆಯ ಬೆನ್ನಿಗೆ ಬರೆದಿದ್ದಳು ರಷ್ಯನ್ ಅಕ್ಷರದಲ್ಲಿ
ನಮ್ಮದೇ ಮಾತು. ಆದರೂ ನಮ್ಮದಲ್ಲ.
ಆ ಲಿಪಿ ಬಲ್ಲ ಹುಡುಗ ಹ್ಯೊನ್‌ತೆಕ್ ಗಟ್ಟಿಯಾಗಿ ಓದುತ್ತ ಹೋದ,
ತನಗೇ ತಿಳಿಯದೆ.
'ಭಾಷಾಂತರಕ್ಕೆ ಕಳಿಸಿ' ಎಂದು ನಿರ್ದೇಶಕರ ಷರಾ.

ನೆಲ ಒರೆಸುತ್ತಿದ್ದ ಬೊಂಗ್ ಕುಮ್‌ನ್ಯೊ ಕೋಲು ನಿಲ್ಲಿಸಿದಳು.
ಸೊಕ್ಚೊ ಕಡಲ ಬದಿಯವಳು. ಅವಳಪ್ಪ ಯುದ್ಧದಲ್ಲಿ
ಹಮ್‌ಗ್ಯೊಂಗ್‌ನಿಂದ ದೋಣಿ ಹತ್ತಿ ಬಂದವನು,
ಮೂರು ದಿನದಲ್ಲಿ ವಾಪಸ್ ಹೋಗುವೆನೆಂದು
ಬಾಗಿಲಿಗೆ ಬೀಗ ಕೂಡ ಹಾಕದೆ.
'ಇನ್ನೊಮ್ಮೆ ಓದು ಮಗಾ,' ಅಂದಳು.
'ನಮ್ಮಪ್ಪ ಬೈಯುತ್ತಿದ್ದ ಭಾಷೆ ಇದು.'

ಅವಳು ಹೇಳಿದ ಹಾಗೆ ಬರೆದುಕೊಂಡೆ:

'ಪೆಟ್ಟಿಗೆ ಬಂತು. ಚೆಂದವಿದೆ.
ಕೋಸು ಹೇಗೆ ಹೆಚ್ಚಬೇಕೆಂದು ಚಿತ್ರ ಕಳಿಸಿದ್ದೀರಿ.
ನಮ್ಮವರನ್ನು ದನದ ರೈಲಿನಲ್ಲಿ ತಂದು ಇಲ್ಲಿ ಸುರಿದಾಗ
ನಾನು ಹೊಟ್ಟೆಯಲ್ಲಿದ್ದೆ.
ಕೋಸು ಇರಲಿಲ್ಲ. ಜೊಂಡು ಇತ್ತು, ಹಿಮ ಇತ್ತು,
ಆಮೇಲೆ ಗಜ್ಜರಿ ಸಿಕ್ಕಿತು. ಅವ್ವ ಗಜ್ಜರಿಯನ್ನೇ
ನೂಲಿನ ಹಾಗೆ ಸೀಳಿ, ಉಪ್ಪು ಬೆಳ್ಳುಳ್ಳಿ ಖಾರ ಹಾಕಿ ಹಿಸುಕಿದಳು.
ಮದ್ದಳೆಯೂ ಇರಲಿಲ್ಲ. ಬೋಗುಣಿಗೆ ನೀರು ತುಂಬಿ
ಸೋರೆ ಬುರುಡೆ ಬೋರಲು ಹಾಕಿ ಬಾರಿಸುತ್ತಿದ್ದರು, ಮದುವೆಗೆ.
ನಿಮಗೆ ಅದು ಬರುತ್ತದೆಯೇ? ಬರದಿದ್ದರೆ
ನಾನೂ ಒಂದು ಪೆಟ್ಟಿಗೆ ಕಳಿಸುತ್ತೇನೆ.
ಖರ್ಚು ನನ್ನದು.'

ಯಾರೂ ಉಸಿರೆತ್ತಲಿಲ್ಲ.
ಕುಮ್‌ನ್ಯೊ ಬಕೆಟ್ಟಿನ ನೀರಿನ ಮೇಲೆ
ಕ್ಯಾಂಟೀನಿನ ಬಟ್ಟಲು ಕವುಚಿ ಎರಡು ಬೆರಳಲ್ಲಿ ತಟ್ಟಿದಳು.
ಡುಬುಕ್. ಡುಬುಕ್ ಡುಬುಕ್.
ಫಿನಾಯಿಲ್ ನಾರುವ ನೀರಿನಿಂದ ಎದ್ದ ಸದ್ದು
ಹಣಕಾಸಿನ ತನಕ ಹೋಗಿರಬೇಕು.

ನಿರ್ದೇಶಕರು ಕೆಮ್ಮಿದರು: 'ತಾಕ್ ಅವರೇ,
ಇದು ಯಾವ ಲೆಕ್ಕ ಶೀರ್ಷಿಕೆಯಲ್ಲಿ ಬರುತ್ತದೆ?'

ಸಂಜೆ ವಹಿ ತೆರೆದೆ. ಮೊದಲ ಹಾಳೆಯಿಂದ ಕೊನೆಯವರೆಗೂ
ಜಾವಕ, ಜಾವಕ, ಜಾವಕ.
ಹೋದ ಮದ್ದಳೆ, ಹೋದ ಬಟ್ಟೆ, ಹೋದ ಅಕ್ಷರ.
ಆವಕದ ಕಾಲಂ ಯಾರೂ ಹಾಕಿಯೇ ಇರಲಿಲ್ಲ.
ಇಪ್ಪತ್ತೆರಡು ವರ್ಷ ನಾನೂ ಹಾಕಿರಲಿಲ್ಲ.
ಸ್ಕೇಲು ಇಟ್ಟು ಗೆರೆ ಎಳೆದೆ. ಪೆನ್ನು ಜಾರಿತು,
ಗೆರೆ ಸೊಟ್ಟ. ಇರಲಿ.
ಒಂದನೇ ನಮೂದು: ಉಷ್ಟೊಬೆ. ಪ್ರಶ್ನೆ ಒಂದು.
ಷರಾ: ಉತ್ತರ ಬಾಕಿ.

ಮಾರನೆಯ ದಿನ ಕುಮ್‌ನ್ಯೊ ಡಬ್ಬಿಯಲ್ಲಿ ಗಜ್ಜರಿ ತಂದಿದ್ದಳು.
ತುಂಬ ದಪ್ಪ ಹೆಚ್ಚಿದ್ದಳು, ನೂಲಿನ ಹಾಗಲ್ಲ.
ಹ್ಯೊನ್‌ತೆಕ್ ತಿಂದು, ಉಪ್ಪು ಕಡಿಮೆ ಅಂದ.
ನಿರ್ದೇಶಕರು ಬಾಗಿಲು ಹಾಕಿಕೊಂಡು ತಿಂದರು.